ಡೀಕನ್ ಎಂಬ ಗೂಳಿಯ ಮೈ ತೊಳೆದ ಜಯರಾಮು

ಅಮೆರಿಕಕ್ಕೆ ಬಂದ ಹೊಸದರಲ್ಲಿ ಹೊಬೋಕನ್ನಿನ ಒಂದು ಬಾರಿನಲ್ಲಿ ನಾನು ಗೂಳಿ ಸವಾರಿ ಮಾಡಿದ್ದೆ. ಹೊರಗೆ ಚರ್ಮದ ಹೊದಿಕೆ, ಒಳಗೆ ಮೋಟಾರು, ಸುತ್ತ ಗಾಳಿ ತುಂಬಿದ ಹಾಸಿಗೆ. ಅದು ಒಂದು ಸಲ ಎಡಕ್ಕೆ ಹೊರಳಿದ್ದೇ ತಡ, ನಾನು ಬಲಕ್ಕೆ ಬೋರಲು ಬಿದ್ದೆ. ಎದ್ದು ಮತ್ತೆ ಹತ್ತಿ, ಮೋಟಾರು ನಿಲ್ಲಿಸಿಕೊಂಡು, ಬಿಗಿಯಾಗಿ ಹಿಡಿದು ಕೂತಂತೆ ಫೋಟೋ ತೆಗೆಸಿ ಮನೆಗೆ ಕಳಿಸಿದೆ. ಕೆಳಗೆ ‘ರೋಡಿಯೋ’ ಎಂದು ಬರೆದಿದ್ದೆ. ಅಮ್ಮ ಅದನ್ನು ರಸ್ತೆಯವರಿಗೆಲ್ಲ ತೋರಿಸಿದಳಂತೆ. ಹೀಗಾಗಿ ರೋಡಿಯೋ ಎಂದರೆ ಇಷ್ಟೇ, ಪ್ಲಗ್ಗು ಚುಚ್ಚಿ ಓಡಿಸುವ ಆಟ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ನನ್ನ ಹೆಸರು ಕುಶಾಲ್, ನ್ಯೂವರ್ಕಿನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕೂಲಿ. ಡೇಟಾ ಅನಲಿಸ್ಟ್ ಎಂದು ಕರೆಯುತ್ತಾರೆ. ಯಾರದೋ ಕಾಲು ಮುರಿದದ್ದು, ಯಾರದೋ ಮನೆ ಸುಟ್ಟದ್ದು ಸರಿಯಾದ ಕಾಲಂನಲ್ಲಿ ಹೋಗಿ ಕೂತಿದೆಯೇ ಎಂದು ನೋಡುವುದು ನನ್ನ ಕೆಲಸ. ಕಳೆದ ಜುಲೈನ ಒಂದು ಸೋಮವಾರ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಡೆನೀಸ್, ದಕ್ಷಿಣ ಜರ್ಸಿಯ ಒಂದು ರೋಡಿಯೋದಲ್ಲಿ ಗೂಳಿ ತನ್ನ ಸವಾರನನ್ನು ಕೊಂದಿದೆ ಎಂದಳು. ನನ್ನ ತಲೆಗೆ ಹೊಳೆದದ್ದು ಶಾರ್ಟ್ ಸರ್ಕ್ಯೂಟು. ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ ಎಂದು ಅಪ್ರೈಸಲ್‌ನಲ್ಲಿ ಬರೆಸಿಕೊಂಡವನು ನಾನು. ತಕ್ಷಣ ಕೈ ಎತ್ತಿ, “ಅದನ್ನು ತಯಾರಿಸಿದವರು ಯಾರು? ವಾರಂಟಿ ಇದೆಯೇ?” ಎಂದು ಕೇಳಿದೆ.

ಡೆನೀಸ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. “ತಯಾರಿಸಿದ್ದು ಅದರ ತಾಯಿ,” ಎಂದಳು. “ವಾರಂಟಿ ವಿಷಯ ಆಕೆಯನ್ನೇ ಕೇಳಬೇಕು.”

ಇಡೀ ಫ್ಲೋರು ಒಂದು ವಾರ ನನ್ನನ್ನು ಕಂಡಾಗಲೆಲ್ಲ ಅಂಬಾ ಎಂದಿತು. ಆದರೂ ಮರುದಿನ ಡೆನೀಸ್ ತನ್ನ ಕಾರಿನಲ್ಲಿ ಕರೆದುಕೊಂಡು ಹೋದದ್ದು ನನ್ನನ್ನೇ. ಅದು ನನ್ನ ಬುದ್ಧಿಯನ್ನು ಮೆಚ್ಚಿ ಅಲ್ಲ. ಆ ಗೂಳಿಯನ್ನು ನೋಡಿಕೊಳ್ಳುವವನು ಇಂಡಿಯಾದವನಂತೆ, ಹೆಸರು ಜಯರಾಮು ಅಂತೆ. “ನಿನಗೆ ಇಂಡಿಯನ್ ಮಾತಾಡಲು ಬರುತ್ತದಲ್ಲ?” ಎಂದಳು. ಬರುತ್ತದೆ ಎಂದೆ. ವಾರಂಟಿ ಪ್ರಸಂಗದ ಮೇಲೆ ಇನ್ನೊಂದು ತಿದ್ದುಪಡಿ ಮಾಡುವ ಧೈರ್ಯ ನನಗಿರಲಿಲ್ಲ.

ಟರ್ನ್‌ಪೈಕ್ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದಂತೆ ವೇರ್‌ಹೌಸುಗಳು ಮುಗಿದು ಜೋಳದ ಹೊಲ ಶುರುವಾಗುತ್ತದೆ. ಹೊಲದ ನಡುವೆ ಮರದ ಮೆಟ್ಟಿಲುಗಳ ಗ್ಯಾಲರಿ, ಮಣ್ಣಿನ ಅಂಗಳ, ಹಿಂದೆ ಕಬ್ಬಿಣದ ಕಂಬಿಗಳ ದೊಡ್ಡಿಗಳು. ನಾವು ಹೋದಾಗ ಒಂದು ದೊಡ್ಡಿಯೊಳಗೆ ಟೋಪಿ ಹಾಕಿದ, ಸಣ್ಣಗೆ ಹೊಟ್ಟೆ ಬಂದ ಒಬ್ಬರು ಕಪ್ಪು ಗೂಳಿಯೊಂದರ ಸೊಂಟಕ್ಕೆ ಮುಲಾಮು ಹಚ್ಚುತ್ತಿದ್ದರು. ಗೂಳಿ ಅವರಿಗಿಂತ ಎತ್ತರವಿತ್ತು. ಅವರು ಅದರ ಬೆನ್ನು ತಟ್ಟಿ, “ನಿಲ್ಲೋ ರಾಜ, ನಿಲ್ಲೋ, ಆಯ್ತು ಆಯ್ತು, ಇನ್ನೊಂಚೂರು,” ಎಂದು ಕನ್ನಡದಲ್ಲಿ ಹೇಳುತ್ತಿದ್ದರು.

“ಅಂಕಲ್, ನೀವು ಕನ್ನಡದೋರಾ?” ಎಂದೆ.

ಅವರು ತಿರುಗಿಯೂ ನೋಡದೆ, “ಗೂಳಿಗೇ ಗೊತ್ತಾಗಿದೆ. ನಿನಗೆ ಇನ್ನೂ ಡೌಟಾ?” ಎಂದರು.

ಜಯರಾಮು ನಾಗಮಂಗಲದ ಕಡೆಯವರು. ಹೆಬ್ಬಾಳದಲ್ಲಿ ಬಿವಿಎಸ್ಸಿ ಓದಿ, ಊರಿನ ಸೀಮೆಯಲ್ಲೇ ಕೆಲವು ವರ್ಷ ಸರ್ಕಾರಿ ಪಶುವೈದ್ಯರಾಗಿದ್ದು, ಆಮೇಲೆ ಇಲ್ಲಿನ ಯಾವುದೋ ಔಷಧಿ ಕಂಪನಿಯ ಲ್ಯಾಬಿಗೆ ಬಂದರು. ಲ್ಯಾಬು ಮುಚ್ಚಿತು. ಇಲ್ಲಿನ ಪಶುವೈದ್ಯರ ಲೈಸೆನ್ಸ್ ಪರೀಕ್ಷೆಗೆ ಕೂತರು, ಆಗಲಿಲ್ಲ. ಮತ್ತೆ ಕೂತರು, ಆಗಲಿಲ್ಲ. ವೀಸಾ ಮುಗಿಯುವ ಹೊತ್ತಿಗೆ, ರೋಡಿಯೋಗಳಿಗೆ ಗೂಳಿ ಒದಗಿಸುವ ವೇಡ್ ಹ್ಯಾಗರ್ಟಿ ಎಂಬ ಮನುಷ್ಯ ಮಾತ್ರ ಸ್ಪಾನ್ಸರ್ ಮಾಡಲು ಒಪ್ಪಿದ. ಕಾಗದದ ಮೇಲೆ ಇವರು ‘ಜಾನುವಾರು ಆರೋಗ್ಯ ಮೇಲ್ವಿಚಾರಕ’. ಮೇಲ್ವಿಚಾರಣೆಯಲ್ಲಿ ಸಗಣಿ ಬಾಚುವುದೂ ಸೇರಿತ್ತು. ಅಲ್ಲಿ ಎಲ್ಲರೂ ಅವರನ್ನು ಡಾಕ್ ಎನ್ನುತ್ತಿದ್ದರು. ಲೈಸೆನ್ಸ್ ಇಲ್ಲದವನನ್ನು ಹಾಗೆ ಕರೆಯುವುದು ಗೌರವವೋ ಗೇಲಿಯೋ ಎಂದು ಅವರು ಕೇಳಲು ಹೋಗಿರಲಿಲ್ಲ.

ಸತ್ತವನು ಡ್ಯಾನಿ ಪೆಟ್ರೂಚಿ. ವೈನ್‌ಲೆಂಡಿನ ಇಟಾಲಿಯನ್ ಮನೆತನದ ಹುಡುಗ, ವಾರವಿಡೀ ಮನೆಗಳ ಮಾಡಿಗೆ ಶೀಟು ಹೊಡೆಯುತ್ತಿದ್ದ, ಶನಿವಾರ ಸಂಜೆ ಕೌಬಾಯ್. ಅವನನ್ನು ಕೊಂದದ್ದು ನಾನು ಈಗಷ್ಟೇ ಮುಲಾಮು ಹಚ್ಚಿಸಿಕೊಳ್ಳುವುದನ್ನು ನೋಡಿದ ಗೂಳಿ. ಹೆಸರು ಡೀಕನ್. ಚರ್ಚಿನಲ್ಲಿ ಕೈಕಟ್ಟಿ ನಿಲ್ಲುವ ಹಿರಿಯರ ಹಾಗೆ ಸಾಧು ಎಂದು ಆ ಹೆಸರಿಟ್ಟಿದ್ದರು.

ಈ ಆಟದ ರೀತಿ ಹೀಗೆ. ಸವಾರ ಒಂದೇ ಕೈಯಲ್ಲಿ ಹಗ್ಗ ಹಿಡಿದು ಎಂಟು ಸೆಕೆಂಡು ಗೂಳಿಯ ಮೇಲೆ ಕೂತಿರಬೇಕು. ಗೂಳಿ ಹಿಂಗಾಲು ಝಾಡಿಸಲಿ ಎಂದು ಅದರ ಸೊಂಟಕ್ಕೆ ಒಂದು ಪಟ್ಟಿ ಬಿಗಿಯುತ್ತಾರೆ. ಪಟ್ಟಿಯ ಒಳಗೆ ಕುರಿಯುಣ್ಣೆಯ ಮೆತ್ತೆ ಇರುತ್ತದೆ. ಅದನ್ನು ಕಟ್ಟುವುದು ಗೂಳಿಯ ಮಾಲೀಕನ ಹಕ್ಕು. ಬೇರೆ ಯಾರೂ ಕೈ ಹಾಕುವುದಿಲ್ಲ. ಸವಾರ ಬಿದ್ದ ಮೇಲೆ ಕೆಲವು ಗೂಳಿಗಳು ಅವನನ್ನು ಹುಡುಕಿಕೊಂಡು ಬರುತ್ತವೆ, ಅದಕ್ಕೇ ಸವಾರರು ಬಿದ್ದ ಕೂಡಲೇ ಕಂಬಿಯ ಕಡೆ ಓಟ ಕೀಳುತ್ತಾರೆ. ಡೀಕನ್ ಮಾತ್ರ ಬೆನ್ನು ಹಗುರವಾದ ತಕ್ಷಣ ನಿಂತುಬಿಡುತ್ತಿತ್ತು. ಡ್ಯಾನಿಗೆ ಅದು ಗೊತ್ತು. ಅವನು ಓಡುತ್ತಿರಲಿಲ್ಲ. ಮಣ್ಣು ಕೊಡವಿಕೊಂಡು ಎದ್ದು, ಗೂಳಿಯ ಮುಖದ ಎದುರಿಗೇ ಹೋಗಿ, ಟೋಪಿ ತೆಗೆದು ತಲೆಬಾಗಿ ನಮಸ್ಕರಿಸುತ್ತಿದ್ದ. ಜನ ಅದಕ್ಕೆಂದೇ ಟಿಕೆಟ್ ತೆಗೆದು ಬರುತ್ತಿದ್ದರು. ಆ ಶನಿವಾರವೂ ಎದ್ದ, ಎದುರಿಗೆ ಹೋದ, ಟೋಪಿ ತೆಗೆದ. ಡೀಕನ್ ನಿಲ್ಲಲಿಲ್ಲ.

“ಕೊಲೆ ಮಾಡಲು ಇದಕ್ಕಿಂತ ಸುಲಭದ ದಾರಿ ಇದೆಯೇ?” ಎಂದಳು ಡೆನೀಸ್. “ಆ ಗೂಳಿ ನಿಲ್ಲದ ಹಾಗೆ ಮಾಡಿದರೆ ಸಾಕು. ಉಳಿದದ್ದನ್ನು ಅವನೇ ಮಾಡಿಕೊಳ್ಳುತ್ತಾನೆ.”

ಅವಳಿಗೆ ಅನುಮಾನ ಬರಲು ಕಾರಣವಿತ್ತು. ವೇಡ್ ಗೂಳಿಗಳಿಗೆ ಕರೆಂಟಿನ ಕೋಲು ಚುಚ್ಚುತ್ತಾನೆ ಎಂದು ಡ್ಯಾನಿ ಮೈದಾನದ ಕಮಿಟಿಗೆ ದೂರು ಕೊಟ್ಟಿದ್ದ. ಮುಂದಿನ ಗುರುವಾರ ಕಮಿಟಿಯ ಎದುರು ಹೋಗಿ ಹೇಳುವವನಿದ್ದ. ಹೇಳಿದ್ದರೆ ವೇಡ್‌ನ ಗುತ್ತಿಗೆ ಹೋಗುತ್ತಿತ್ತು. ಡೀಕನ್‌ನ ಸೊಂಟದ ಮೇಲೆ ಪಟ್ಟಿ ಕಟ್ಟಿದ ಉದ್ದಕ್ಕೂ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತ್ತು. ವೇಡ್‌ನ ಕೋಣೆಯಲ್ಲಿ ಕುದುರೆಯ ಕಾಲಿಗೆ ಹಚ್ಚುವ ಟರ್ಪಂಟೈನ್ ಬೆರೆತ ಔಷಧಿಯ ಬಾಟಲಿಯೊಂದು ಅರ್ಧ ಖಾಲಿಯಾಗಿ ಸಿಕ್ಕಿತ್ತು. ಪಟ್ಟಿಯ ಮೆತ್ತೆಗೆ ಅದನ್ನು ಸುರಿದು ಬಿಗಿದರೆ ಗೂಳಿಯ ಮೈಗೆ ಬೆಂಕಿ ಇಟ್ಟ ಹಾಗೆ. ಆದರೆ ಕುದುರೆ ಸಾಕುವವರ ಮನೆಯಲ್ಲೆಲ್ಲ ಅದು ಇರುತ್ತದೆ. ಪಟ್ಟಿ ಗಲಾಟೆಯಲ್ಲಿ ಎಲ್ಲೋ ಹೋಯಿತು ಎಂದ ವೇಡ್. ಉಳಿದದ್ದು ಗೂಳಿಯ ಮೈ ಒಂದೇ. ಸರ್ಕಾರದ ಪಶುವೈದ್ಯರು ಬಂದು ಆ ಮೈಯಿಂದ ಹತ್ತಿಯಲ್ಲಿ ಒರೆಸಿ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿದರು. ಪಾತ್ರೆ ತೊಳೆಯುವ ಸೋಪು ಬಿಟ್ಟರೆ ಬೇರೇನೂ ಸಿಗಲಿಲ್ಲ. ಡ್ಯಾನಿಯನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದ ಹೊತ್ತಿನಲ್ಲೇ ಜಯರಾಮು ಗೂಳಿಯನ್ನು ಹಿಂದಿನ ದೊಡ್ಡಿಗೆ ಕಟ್ಟಿ, ಪೈಪು ಹಿಡಿದು, ಸೋಪು ಹಾಕಿ ಮೈ ತೊಳೆದುಬಿಟ್ಟಿದ್ದರು.

ಇಷ್ಟು ಹೇಳಿದ ಮೇಲೆ ಒಂದು ಮಾತು. ವೇಡ್‌ನ ವಿಮೆ ಇದ್ದದ್ದು ನಮ್ಮಲ್ಲಿ. ಮಾಲೀಕನೇ ಬೇಕೆಂದು ಮಾಡಿದ್ದಾದರೆ ನಮ್ಮ ಕಂಪನಿ ಅವನ ಪರವಾಗಿ ಬಿಡಿಗಾಸು ಕೊಡಬೇಕಾಗಿಲ್ಲ. ಹಾಗಾಗಿ ಕಂಪನಿಗೆ ಸತ್ಯದ ಮೇಲೆ ಬಹಳ ಪ್ರೀತಿ ಉಕ್ಕಿತ್ತು. ನಾನೂ ಆ ಪ್ರೀತಿಯ ಸಂಬಳದವನೇ.

ದೊಡ್ಡಿಯ ಪಕ್ಕದ ನೆರಳಿನಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಬೋರಲು ಹಾಕಿಕೊಂಡು ಕೂತೆವು. ಜಯರಾಮು ಅವರ ಇಂಗ್ಲಿಷು ನನ್ನದಕ್ಕಿಂತ ಚೆನ್ನಾಗಿತ್ತು. ಆದರೂ ಡೆನೀಸ್ ಕೇಳಿದ್ದನ್ನು ನಾನು ಕನ್ನಡದಲ್ಲಿ ಕೇಳಲಿ ಎಂದರು. “ಈ ದೊಡ್ಡೀಲಿ ವರ್ಷಗಟ್ಟಲೆ ಗೂಳಿಗಳ ಜೊತೆನೇ ಕನ್ನಡ ಮಾತಾಡಿದೀನಿ. ಇವತ್ತು ತಿರುಗಿ ಉತ್ತರ ಕೊಡೋ ಪ್ರಾಣಿ ಸಿಕ್ಕಿದೆ, ಕೇಳಪ್ಪ.”

“ಯಾಕೆ ತೊಳೆದ್ರಿ ಅಂಕಲ್?”

“ಉರೀತಿತ್ತು, ತೊಳೆದೆ.”

“ಪೊಲೀಸ್ ಬರೋ ತನಕ ಕಾಯಬಹುದಿತ್ತಲ್ಲ?”

“ಅಲ್ಲ ಕಣಯ್ಯ, ಮೈ ಉರಿದು ಕಂಬಿಗೆ ತಲೆ ಚಚ್ಕೊಳ್ತಿರೋ ದನದ ಮುಂದೆ ನಿಂತು, ಸ್ವಲ್ಪ ತಡಕೋ ರಾಜ, ಪೊಲೀಸ್‌ನೋರು ಬರ್ಲಿ ಅನ್ಲಾ? ಚರ್ಮ ಸುಟ್ಟಿದ್ರೆ ಮೊದ್ಲು ನೀರು, ಆಮೇಲೆ ಮಿಕ್ಕಿದ್ದೆಲ್ಲ. ಕಾಲೇಜಲ್ಲಿ ಮೊದಲನೇ ವರ್ಷದ ಪಾಠ ಅದು.”

“ಏನಾದ್ರೂ ವಾಸನೆ ಬಂತಾ? ಟರ್ಪಂಟೈನ್ ಥರ?”

“ದೊಡ್ಡೀಲಿ ಮಲ್ಲಿಗೆ ವಾಸನೆ ಬರುತ್ತಾ? ಏನೋ ಬರ್ತಿತ್ತು. ನೊಣದ ಸ್ಪ್ರೇನೋ ಏನೋ. ಟರ್ಪಂಟೈನ್ ಅಂತ ಹೇಗೆ ಹೇಳ್ಲಿ, ನಾನೇನು ಪೇಂಟರಾ?”

ನಾನು ಅದನ್ನು ಇಂಗ್ಲಿಷಿಗೆ ಇಳಿಸಿದೆ. ಇಳಿಸುತ್ತ ನನ್ನ ಕಡೆಯಿಂದ ‘ಮೂಕಪ್ರಾಣಿಯ ಸಂಕಟ ಕಂಡು ತನ್ನನ್ನು ತಾನೇ ಮರೆತ’ ಎಂದೂ ಸೇರಿಸಿದೆ. ಡೆನೀಸ್ ಓದಿ ನೋಡಿ, “ಅವನು ಹೇಳಿದ್ದಷ್ಟು ಬರಿ. ನಿನ್ನ ಅಳು ನಿನ್ನ ಹತ್ತಿರವೇ ಇರಲಿ,” ಎಂದು ಆ ಸಾಲು ಹೊಡೆದು ಹಾಕಿದಳು.

ಅಷ್ಟರಲ್ಲಿ ವೇಡ್ ಹ್ಯಾಗರ್ಟಿ ಬಂದ. ಬಾಗಿಲಿನಷ್ಟು ಅಗಲದ ಮನುಷ್ಯ, ಮಾತು ಮಾತ್ರ ಮೆಲ್ಲಗೆ. ಬಂದವನೇ ಜಯರಾಮು ಭುಜದ ಮೇಲೆ ಕೈ ಹಾಕಿ, “ಡಾಕ್ ನಮ್ಮ ಮನೆಯವನಿದ್ದ ಹಾಗೆ,” ಎಂದ. “ನೀವು ಕೇಳುವುದೆಲ್ಲ ಆಗಿದ್ದರೆ ಅವನನ್ನು ಬಿಡಿ. ಅವನ ಕಾಗದಪತ್ರದ ವಿಷಯ ಮಾತಾಡಲು ಲಾಯರ್ ಫೋನ್ ಮಾಡುತ್ತಾನೆ.” ಜಯರಾಮು ಬಕೆಟ್ಟಿನಿಂದ ಎದ್ದು ನಿಂತರು. ಭುಜದ ಮೇಲಿನ ಕೈ ತೆಗೆಯುವವರೆಗೂ ನಿಂತೇ ಇದ್ದರು.

ಡೆನೀಸ್ ಪೊಲೀಸರನ್ನು ಕಾಣಲು ಹೋದಳು. ನನ್ನನ್ನು ಜಯರಾಮು ಊಟಕ್ಕೆ ಕರೆದುಕೊಂಡು ಹೋದರು. ಹೊಲದ ಅಂಚಿನಲ್ಲಿ ಬಾಡಿಗೆಯ ಸಣ್ಣ ಮನೆ. ಹೆಂಡತಿ ನಳಿನಾಕ್ಷಿ ಬಾಗಿಲಲ್ಲೇ, “ಚಪ್ಪಲಿ ಆಚೆ ಬಿಟ್ಟು ಕಾಲು ತೊಳ್ಕೊಂಡ್ ಬನ್ನಿ, ಇಬ್ರೂ!” ಎಂದು ಕೂಗಿದರು. ಮುದ್ದೆ, ಬಸ್ಸಾರು. ನಾಲ್ಕು ತಿಂಗಳಿಂದ ಹ್ಯಾರಿಸನ್ನಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಫ್ರೋಜನ್ ಪರೋಟ ತಿಂದು ಬದುಕಿದ್ದವನು ನಾನು. ಮುದ್ದೆ ನೋಡಿ ತನಿಖೆ ಗಿನಿಖೆ ಎಲ್ಲ ಮರೆತುಹೋಯಿತು.

“ದನದ ಡಾಕ್ಟ್ರು ಅಂತ ಮದುವೆ ಆದೆ ಕಣಪ್ಪ,” ಎಂದರು ನಳಿನಾಕ್ಷಿ ಸಾರು ಬಡಿಸುತ್ತ. “ಈ ದೇಶಕ್ಕೆ ಬಂದ್ಮೇಲೆ ಡಾಕ್ಟ್ರು ಹೋಯ್ತು, ದನ ಉಳೀತು.”

“ನಿನಗೆ ಹಾಲು ಕೊಡೋ ದನ ಬೇಕಿತ್ತು. ಸಿಕ್ಕಿದ್ದು ಒದೆಯೋದು,” ಎಂದರು ಜಯರಾಮು.

“ಒದ್ದಿದ್ರೆ ಇಷ್ಟೊತ್ತಿಗೆ ಯಾವ್ದಾದ್ರೂ ಗೇಟು ತೆಗೀತಿತ್ತು.”

ಒಳಗಿನಿಂದ ಮಗಳು ಸಿರಿ ಬಂದಳು. ನರ್ಸಿಂಗ್ ಓದುವ ಹುಡುಗಿ, ನಾಲ್ಕು ವರ್ಷದವಳಿದ್ದಾಗ ಬಂದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಬೇರೆಯವರಿಗೆ ಇಪ್ಪತ್ತೊಂದು ತುಂಬಿದರೆ ಬಾರಿಗೆ ಹೋಗಬಹುದು, ತನಗೆ ತುಂಬಿದರೆ ಏರ್‌ಪೋರ್ಟಿಗೆ ಹೋಗಬೇಕು ಎಂದು ನಗುತ್ತಲೇ ಹೇಳಿದಳು. ಅವಳದು ಅಪ್ಪನ ವೀಸಾದ ಬಾಲ ಹಿಡಿದ ವೀಸಾ, ಇಪ್ಪತ್ತೊಂದಕ್ಕೆ ಮುಗಿಯುತ್ತದೆ. ಇಷ್ಟು ವರ್ಷ ಕಾದ ಮೇಲೆ ಈ ಬೇಸಿಗೆಯಲ್ಲಷ್ಟೇ ಅಪ್ಪನ ಸರದಿ ಬಂದು ಮೂವರದೂ ಗ್ರೀನ್ ಕಾರ್ಡಿನ ಅರ್ಜಿ ಒಳಗೆ ಹೋಗಿತ್ತು. ಕಾರ್ಡು ಕೈಗೆ ಬರುವವರೆಗೆ ವೇಡ್, ಈತ ನನ್ನ ಕೆಲಸಗಾರ ಎಂದು ಹೇಳುತ್ತಲೇ ಇರಬೇಕು. ಅವನು ಕೈಬಿಟ್ಟರೆ ಅಪ್ಪ ಅಮ್ಮ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬಹುದು. ವಯಸ್ಸು ದಾಟುವ ಸಿರಿಗೆ ಸಾಲೇ ಇಲ್ಲ. ತಾನು ಹೆಸರು ಮಾತ್ರ ಕೇಳಿರುವ ಬೆಂಗಳೂರಿಗೆ ಒಬ್ಬಳೇ ಹೋಗಬೇಕು.

“ವೇಡ್ ಜೈಲಿಗೆ ಹೋದ್ರೆ ಇವಳು ಪ್ಲೇನ್ ಹತ್ತಬೇಕು,” ಎಂದರು ನಳಿನಾಕ್ಷಿ. “ಫ್ಲಶಿಂಗ್ ಗಣಪತಿಗೆ ಹರಕೆ ಹೊತ್ತಿದೀನಿ, ಆ ಪುಣ್ಯಾತ್ಮನಿಗೆ ಏನೂ ಆಗಬಾರ್ದು ಅಂತ.”

“ಮಾಮ್!” ಎಂದಳು ಸಿರಿ. “ಡ್ಯಾನಿ ಇದೇ ಟೇಬಲ್ಲಲ್ಲಿ ಕೂತು ಊಟ ಮಾಡಿದ್ದ.”

ಡ್ಯಾನಿ ಆ ಮನೆಗೆ ಬರುತ್ತಿದ್ದನಂತೆ. ಮುದ್ದೆ ಅಗಿಯಬಾರದು, ನುಂಗಬೇಕು ಎಂದರೆ ಅವನಿಗೆ ಹೊಟ್ಟೆ ಹಿಡಿದುಕೊಂಡು ನಗುವಂತೆ. ಹಿಂದಿನ ವಾರವೂ ಬಂದು, ಗುರುವಾರ ಕಮಿಟಿಯ ಮುಂದೆ ನೀನೂ ಬಾ ಡಾಕ್, ಕರೆಂಟಿನ ಕೋಲಿನ ಗಾಯ ನೋಡಿದವನು ನೀನೇ, ನಿನ್ನ ಮಾತಿಗೆ ಬೆಲೆ ಇದೆ ಎಂದು ಕೇಳಿದ್ದನಂತೆ.

“ನೀವೇನಂದ್ರಿ?” ಎಂದೆ.

“ನೋಡೋಣ ಅಂದೆ,” ಎಂದರು ಜಯರಾಮು, ಮುದ್ದೆ ಮುರಿಯುತ್ತ. “ಕುಶಾಲ್, ಇನ್ನೊಂದು ಹಾಕಿಸ್ಕೋ. ನಾಚ್ಕೋಬೇಡ.”

ನಾನು ಹಾಕಿಸಿಕೊಂಡೆ. ಇಷ್ಟೆಲ್ಲ ಕಿವಿಗೆ ಬಿದ್ದ ಮೇಲೂ ನನ್ನ ತಲೆಯಲ್ಲಿ ಉಳಿದದ್ದು ಬಸ್ಸಾರು. ಪತ್ತೇದಾರಿಕೆಗೆ ನನ್ನನ್ನು ಕಳಿಸಿದ ಡೆನೀಸ್‌ಳ ಮೇಲೆ ನನಗೆ ಈಗಲೂ ಮರುಕವಿದೆ.

ಸೆಪ್ಟೆಂಬರಿನ ಹೊತ್ತಿಗೆ ಪೊಲೀಸರು ಕೈತೊಳೆದುಕೊಂಡರು. ಪಟ್ಟಿ ಇಲ್ಲ, ಗೂಳಿಯ ಮೈಮೇಲೆ ಏನೂ ಇಲ್ಲ, ಏನು ಹಚ್ಚಿದ್ದರು ಎಂದು ಹೇಳಬಲ್ಲ ಒಬ್ಬನೂ ಇಲ್ಲ. ಗೂಳಿ ಎಂದರೆ ಗೂಳಿ, ಒಂದು ದಿನ ತಿರುಗಿ ಬೀಳುತ್ತದೆ ಎಂದು ಮುಗಿಸಿದರು. ಸಾವಿನ ಕಾರಣ ತುಂಬುವ ಪಾಲು ನನ್ನದು. ನಮ್ಮ ಕಂಪ್ಯೂಟರಿನಲ್ಲಿ ಪ್ರಾಣಿಯಿಂದ ಆಗುವ ಸಾವಿಗೆ ಇದ್ದದ್ದು ಎರಡೇ ಆಯ್ಕೆ: ಜೇನುಹುಳು, ನಾಯಿ ಕಡಿತ. ಗೂಳಿ ಸೇರಿಸಿ ಎಂದು ಐಟಿ ವಿಭಾಗಕ್ಕೆ ಬರೆದೆ. ಮುಂದಿನ ವರ್ಷ ನೋಡುತ್ತೇವೆ ಎಂದರು. ಡ್ಯಾನಿ ಪೆಟ್ರೂಚಿ ನಾಯಿ ಕಡಿದು ಸತ್ತ.

ಅವನ ತಾಯಿಗೆ ಆ ಕಾಗದ ತಾನಾಗಿ ಹೋಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಆಕೆ ಫೋನ್ ಮಾಡಿದಳು. “ನನ್ನ ಮಗನಿಗೆ ಯಾವ ನಾಯಿಯೂ ಕಡಿದಿಲ್ಲ,” ಎಂದಳು. ಕ್ಷಮಿಸಿ, ಅದು ಸಿಸ್ಟಂ ತಪ್ಪು ಎಂದೆ. ಆಕೆ, “ಆ ಗೂಳಿ ಅವನಿಗೆ ಹಾಗೆ ಮಾಡುವುದಿಲ್ಲ. ಅವನಿಗೆ ಅದರ ಮೇಲೆ ನಂಬಿಕೆ ಇತ್ತು,” ಎಂದಳು. ನಾನು ಕಂಪನಿ ಕೊಟ್ಟ ಸ್ಕ್ರಿಪ್ಟಿನ ಕೊನೆಯ ಸಾಲಿಗೆ ಹಾರಿ, ಬೇರೆ ಏನಾದರೂ ಸಹಾಯ ಬೇಕೇ ಎಂದು ಕೇಳಿದೆ. ಆಕೆ ಇಟ್ಟುಬಿಟ್ಟಳು.

ಇತ್ತ ಕಡೆ ಜಯರಾಮು ಕತೆ ನನ್ನ ಬಾಯಿಂದ ಹೊರಬಿದ್ದು ಓಡಾಡತೊಡಗಿತ್ತು. ಯಾರದೋ ಮನೆಯ ಪಾಟ್‌ಲಕ್ ಊಟದಲ್ಲಿ, ಡೆನೀಸ್ ಹೊಡೆದು ಹಾಕಿದ ಸಾಲನ್ನೂ ಸೇರಿಸಿ, ನಾನೇ ಕಣ್ಣೊರೆಸಿಕೊಂಡು ಹೇಳಿದ್ದೆ. ಅಲ್ಲಿದ್ದವರು ಅದನ್ನು ಮನ್ರೋದ ಬದರೀನಾಥ ಅಂಕಲ್‌ಗೆ ಮುಟ್ಟಿಸಿದರು. ಅವರು ನಮ್ಮ ಕನ್ನಡ ಸಂಘದ ಅಧ್ಯಕ್ಷರು, ರಿಟೈರ್ಡ್ ಎಂಜಿನಿಯರ್. ವರ್ಷಕ್ಕೆ ಒಬ್ಬರಿಗಾದರೂ ಶಾಲು ಹೊದಿಸದಿದ್ದರೆ ಅವರಿಗೆ ಭುಜ ನೋವು ಬರುತ್ತದೆ. ಸಂಕ್ರಾಂತಿಗೆ ಜಯರಾಮು ಅವರಿಗೆ ಸನ್ಮಾನ ಎಂದು ಘೋಷಿಸಿಬಿಟ್ಟರು.

ಜನವರಿಯ ಭಾನುವಾರ, ಮನ್ರೋದ ಒಂದು ಶಾಲೆಯ ಆಡಿಟೋರಿಯಂ. ಜಯರಾಮುಗೆ ಮೈಸೂರು ಪೇಟ ಇಟ್ಟರು, ಅದು ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ಶಾಲು, ಹಾರ, ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ. ಬದರೀನಾಥರು ಮೈಕು ಹಿಡಿದರು.

“ಪಾಶ್ಚಾತ್ಯರಿಗೆ ಅದು ಕೇವಲ ಒಂದು ಪ್ರಾಣಿ. ನಮಗೆ ಬಸವಣ್ಣ! ಎಲ್ಲರೂ ಮನುಷ್ಯನ ಹಿಂದೆ ಓಡಿದಾಗ, ನಮ್ಮ ಡಾಕ್ಟರು ಒಬ್ಬರೇ ಆ ಮೂಕಜೀವಿಯ ಕಡೆ ಓಡಿದರು. ಸಂಕ್ರಾಂತಿಯ ದಿನ ಮಾಡೋ ಕೆಲಸವನ್ನು ಅವರು ಜುಲೈನಲ್ಲೇ ಮಾಡಿಬಿಟ್ಟರು!”

ಚಪ್ಪಾಳೆ. ನನ್ನ ಪಕ್ಕದಲ್ಲಿ ಕೂತಿದ್ದ ಸಿರಿ ಚಪ್ಪಾಳೆ ತಟ್ಟಲಿಲ್ಲ, ಫೋನು ನೋಡುತ್ತಿದ್ದಳು. ಬದರೀನಾಥರು ಉತ್ಸಾಹದಲ್ಲಿ ಮೈಕನ್ನು ಜಯರಾಮು ಬಾಯಿಯ ಹತ್ತಿರ ಹಿಡಿದರು.

“ಆ ನಮ್ಮ ನಂದೀಶ್ವರ ಈಗ ಎಲ್ಲಿದಾನೆ ಡಾಕ್ಟ್ರೇ? ಸುಖವಾಗಿದಾನಾ?”

“ಕಸಾಯಿಖಾನೆಗೆ ಕಳಿಸಿದ್ರು ಸಾರ್,” ಎಂದರು ಜಯರಾಮು. “ಮನುಷ್ಯನ್ನ ಕೊಂದಿದ್ದನ್ನ ಯಾರೂ ಇಟ್ಕೊಳ್ಳಲ್ಲ. ಗಾಯ ಎಲ್ಲ ಪೂರ್ತಿ ಮಾಯ್ದಿತ್ತು. ನಾನೇ ಟ್ರಕ್ ಹತ್ತಿಸ್ದೆ.”

ಬದರೀನಾಥರು ಮೈಕನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಅವರು, “ಇಷ್ಟೊತ್ತಿಗೆ ಬರ್ಗರ್ ಆಗಿ ಎಲ್ಲಾ ಕಡೆ ಹೋಗಿರ್ತಾನೆ. ಈ ಕಡೇನೂ ಬಂದಿರಬಹುದು,” ಎಂದು ಮುಗಿಸಿದರು. ಮುಂದಿನ ಸಾಲಿನ ಮಕ್ಕಳು ಜೋರಾಗಿ ನಕ್ಕವು. ಅಮ್ಮಂದಿರು ಅವುಗಳ ಬಾಯಿ ಮುಚ್ಚಿದರು. “ಈಗ ಪುಟಾಣಿಗಳಿಂದ ಸುಗ್ಗಿ ಕುಣಿತ!” ಎಂದು ಬದರೀನಾಥರು ಕೂಗಿದ ಕೂಗಿಗೆ ಮೈಕು ಕಿರುಚಿತು. ಹಾಡು ಶುರುವಾದರೂ ಜಯರಾಮು ಪೇಟ ತೆಗೆಯದೆ ವೇದಿಕೆಯ ಮೂಲೆಯಲ್ಲಿ ಬುಟ್ಟಿ ಹಿಡಿದು ನಿಂತೇ ಇದ್ದರು. ಇಳಿಯಿರಿ ಎಂದು ಯಾರೂ ಹೇಳಿರಲಿಲ್ಲ.

ಪ್ರಾಮಾಣಿಕ ಮನುಷ್ಯ, ಸನ್ಮಾನದಲ್ಲೂ ಸುಳ್ಳು ಹೇಳಲಿಲ್ಲ ಎಂದು ನಾನು ಮನಸ್ಸಿನಲ್ಲೇ ಇನ್ನೊಂದು ಶಾಲು ಹೊದಿಸಿದೆ.

ಮಾರ್ಚಿನಲ್ಲಿ ಕಾರ್ಡುಗಳು ಬಂದವು. ಮೂರೂ ಒಂದೇ ದಿನ. ಹರಕೆ ತೀರಿಸಲು ಫ್ಲಶಿಂಗಿಗೆ ಹೋಗುತ್ತಿದ್ದೇವೆ, ನೀನೂ ಬಾ ಎಂದು ನಳಿನಾಕ್ಷಿ ಆಂಟಿ ಫೋನ್ ಮಾಡಿದರು. ಹ್ಯಾರಿಸನ್ನಿನಿಂದ ರೈಲು ಬದಲಿಸಿ ಬದಲಿಸಿ ನಾನು ಗುಡಿ ಮುಟ್ಟುವಷ್ಟರಲ್ಲಿ ಅರ್ಚನೆ ಮುಗಿದಿತ್ತು. ಸಿರಿ ಬಂದಿರಲಿಲ್ಲ. ಅವಳಿಗೆ ಪರೀಕ್ಷೆ ಎಂದರು ನಳಿನಾಕ್ಷಿ. “ಯಾವ ಪರೀಕ್ಷೆ? ಬರೋಕೆ ಇಷ್ಟ ಇಲ್ಲ ಅಂದ್ಳು,” ಎಂದರು ಜಯರಾಮು. ಕೆಳಗಿನ ಕ್ಯಾಂಟೀನಿನಲ್ಲಿ ಜಾಗ ಹಿಡಿದು ದೋಸೆ ತಂದುಕೊಂಡೆವು.

“ಕೆಲಸ ಬಿಟ್ಟೆ,” ಎಂದರು ಜಯರಾಮು.

“ಯಾವಾಗ ಅಂಕಲ್?”

“ಕಾರ್ಡ್ ಬಂದ ಮಾರನೇ ದಿನ. ವೇಡ್‌ಗೆ ಬೇಜಾರಾಯ್ತು. ಈಚೆಗೆ ನನ್ನ ಪಾರ್ಟ್‌ನರ್ ಅಂತ ಕರೆಯೋಕೆ ಶುರು ಮಾಡಿದ್ದ. ಕ್ಯಾಮ್ಡನ್ ಹತ್ರ ಒಂದು ನಾಯಿ ಆಸ್ಪತ್ರೆ ಇದೆ, ಗೂಡು ತೊಳೆಯೋ ಕೆಲಸ. ತೊಳೆಯೋದು ಚೆನ್ನಾಗಿ ಬರುತ್ತಲ್ಲ ನನಗೆ.”

“ನಾಯೀನಾದ್ರೂ ಪರವಾಗಿಲ್ಲಪ್ಪ,” ಎಂದರು ನಳಿನಾಕ್ಷಿ. ಮಗಳ ಕಾರ್ಡು ಬಂದ ಸಂತೋಷ, ಮಾತು ಸರಾಗವಾಗಿ ಬರುತ್ತಿತ್ತು. “ನಾಗಮಂಗಲದಲ್ಲಿ ಇವರ ಅಂಗಿ ಒಗೆದು ಒಗೆದು ನನ್ನ ಕೈ ಸವೆದಿತ್ತು. ಹೊಟ್ಟೆ ಉಬ್ಬರಿಸಿದ ದನಕ್ಕೆಲ್ಲ ಟರ್ಪಂಟೈನು ಬೆರೆಸಿ ಬೆರೆಸಿ ಕುಡಿಸೋರು. ಮನೆಗೆ ಬಂದ್ರೆ ಇವರಿಗಿಂತ ಮುಂಚೆ ಅದರ ವಾಸನೆ ಒಳಗೆ ಬರೋದು. ಹೊಸದಾಗಿ ಮದುವೆಯಾದೋಳು ನಾನು, ಪಕ್ಕದಲ್ಲಿ ಮಲಗೋಕೆ ಮೂಗು ಮುಚ್ಕೋಬೇಕು! ಕತ್ತಲಲ್ಲಿ ಬಾಟ್ಲಿ ಮೂಸಿ, ಇದು ಹಳೇದು, ಇದು ಹೊಸದು ಅನ್ನೋರು. ಇರಿ, ಚಟ್ನಿ ಸಾಲ್ದು, ಹಾಕಿಸ್ಕೊಂಡ್ ಬರ್ತೀನಿ.”

ಅವರು ಎದ್ದು ಹೋದರು. ನಾನು ಮುರಿದ ದೋಸೆಯನ್ನು ತಟ್ಟೆಗೆ ವಾಪಸ್ ಇಟ್ಟೆ. ಜಯರಾಮು ನನ್ನ ಮುಖ ನೋಡಿದರು, ಆಮೇಲೆ ತಮ್ಮ ತಟ್ಟೆ ನೋಡಿಕೊಂಡರು. ನಾನೇನು ಪೇಂಟರಾ ಎಂದದ್ದು ನನಗೂ ನೆನಪಿತ್ತು, ಅವರಿಗೂ ನೆನಪಿತ್ತು. ಸುತ್ತ ಮಕ್ಕಳು ಗಲಾಟೆ ಮಾಡುತ್ತಿದ್ದವು, ಕೌಂಟರಿನಲ್ಲಿ ಯಾರದೋ ನಂಬರು ಕೂಗುತ್ತಿದ್ದರು. ಸುಮ್ಮನಿದ್ದು ದೋಸೆ ತಿಂದು ಎದ್ದು ಹೋಗಬಹುದಿತ್ತು. ಕೇಸು ಮುಗಿದಿತ್ತು, ನಾಯಿ ಕಡಿದು ಸತ್ತವನ ಕಡತಕ್ಕೆ ಬೀಗ ಬಿದ್ದಿತ್ತು, ಇದರಿಂದ ನನಗೆ ಯಾವ ಅಪ್ರೈಸಲ್ಲೂ ಸಿಗುವುದಿಲ್ಲ.

“ಅಂಕಲ್,” ಎಂದೆ. “ಅವತ್ತು ವಾಸನೆ ಗೊತ್ತಾಗಿತ್ತು ಅಲ್ವಾ?”

“ದೊಡ್ಡಿ ಬಾಗಿಲಲ್ಲೇ ಗೊತ್ತಾಯ್ತು.”

“ಡ್ಯಾನಿನ ಕೊಂದಿದ್ದು ಯಾರು ಅಂತಾನೂ?”

“ಹೂಂ.”

“ಹಾಗಾದ್ರೆ ನೀವು ತೊಳೆದದ್ದು ಯಾರಿಗೋಸ್ಕರ? ಗೂಳಿಗಾ, ವೇಡ್‌ಗಾ?”

ಅವರು ನೀರು ಕುಡಿದು ಲೋಟ ಕೆಳಗಿಟ್ಟರು. ದನಿ ತಗ್ಗಿಸಲಿಲ್ಲ.

“ಸಿರಿಗೆ,” ಎಂದರು. “ಗೂಳಿಗೆ ಉರೀತಿದ್ದದ್ದು ನನಗೆ ಅನುಕೂಲ ಆಯ್ತು.”